ಶಾಲೆಗೆ ಬರುವ ಚಿಕಿತ್ಸಕ: ತರಬೇತಿಯ ದೃಷ್ಟಿಯನ್ನು ಕುರಿತು ಒಂದು ವಿಮರ್ಶೆ

೧

ನಮ್ಮ ಭಾಗದಲ್ಲಿ ‘ಪುನರ್ವಸತಿ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ರೂಢವಾಗಿದೆ. ೧೯೬೪ರಲ್ಲಿ ಶಂಕುಸ್ಥಾಪನೆಗೊಂಡ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಿಂದ ನೆಲೆ ಕಳೆದುಕೊಂಡವರಿಗೆ ಬೇರೊಂದು ನೆಲೆ ಒದಗಿಸುವುದು ಮೊದಲನೆಯ ಅರ್ಥ. ಅಂಗವೈಕಲ್ಯವುಳ್ಳವರಿಗೆ ಸಮಾಜದ ಬಾಳುವೆಯಲ್ಲಿ ಸ್ಥಾನ ದೊರಕಿಸುವುದು ಎರಡನೆಯದು. ಮೊದಲನೆಯ ಅರ್ಥದಲ್ಲಿ ಪುನರ್ವಸತಿಯೆಂದರೇನೆಂಬುದನ್ನು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನವನಗರದಲ್ಲಿ ನಿವೇಶನವೊಂದನ್ನು ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೆರೆಹೊರೆ, ಅಂಗಡಿ, ಗುಡಿ, ಕಸುಬು ಇವೆಲ್ಲ ಮತ್ತೆ ಕೂಡಿಬರಬೇಕು. ಆದರೆ ಎರಡನೆಯ ಅರ್ಥದ ವಿಷಯದಲ್ಲಿ ಈ ತಿಳಿವಳಿಕೆ ನಮಗಿನ್ನೂ ಬಂದಂತೆ ತೋರುವುದಿಲ್ಲ. ಕಾಲಿಗೆ ವ್ಯಾಯಾಮ, ಕೈಗೆ ಪಟ್ಟಿ, ಓಡಾಡಲು ಗಾಲಿಕುರ್ಚಿ, ಇಷ್ಟನ್ನು ಕೊಟ್ಟರೆ ಮಗುವಿನ ಪುನರ್ವಸತಿ ಆಯಿತೆಂದು ನಾವು ಭಾವಿಸುತ್ತಿದ್ದೇವೆ.

ಜನರು ಸಾಮಾನ್ಯವಾಗಿ ಫಿಜಿಯೋಥೆರಪಿ ಎಂದು ಕರೆಯುವ ಭೌತಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ ಎಂಬ ಔದ್ಯೋಗಿಕ ಚಿಕಿತ್ಸೆ, ಈ ಎರಡು ವೃತ್ತಿಗಳವರು ಈಗ ಶಾಲೆಯ ಕೆಲಸಕ್ಕೂ ಬರುತ್ತಿದ್ದಾರೆ. ಭೌತಚಿಕಿತ್ಸೆಯು ಚಲನೆ, ಸ್ನಾಯುಬಲ, ಕುಳಿತುಕೊಳ್ಳುವ ಹಾಗೂ ನಡೆಯುವ ಭಂಗಿಗಳನ್ನು ಕುರಿತದ್ದು. ಔದ್ಯೋಗಿಕ ಚಿಕಿತ್ಸೆಯು ಉಣ್ಣುವುದು, ಉಡುವುದು, ಬರೆಯುವುದು, ಆಡುವುದು ಮೊದಲಾದ ದಿನಬಳಕೆಯ ಕಾರ್ಯಗಳನ್ನು ಕುರಿತದ್ದು. ಆಸ್ಪತ್ರೆಯಲ್ಲಿ ಕಲಿತು ಶಾಲೆಗೆ ಹೊಸದಾಗಿ ಬರುವ ಇವರಿಗೆ ಮೊಟ್ಟಮೊದಲು ಏನನ್ನು ಕಲಿಸಬೇಕು? ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ಪ್ರಶ್ನೆ ಇದು. ಇತಿಹಾಸದ ಅಧ್ಯಾಪಕನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಇಂದಿನ ತರಬೇತಿಯ ದೋಷವು ಶರೀರಶಾಸ್ತ್ರದ ಅಜ್ಞಾನದಿಂದ ಬಂದುದಲ್ಲ, ಇತಿಹಾಸದ ವಿಸ್ಮೃತಿಯಿಂದ ಬಂದುದು ಎಂಬುದೇ ಅದಕ್ಕೆ ನನ್ನ ಉತ್ತರ.

೨

ಈ ಎರಡೂ ವೃತ್ತಿಗಳು ಆಸ್ಪತ್ರೆಯ ಮಡಿಲಲ್ಲಿ ಬೆಳೆದವು. ಇಂಗ್ಲೆಂಡಿನಲ್ಲಿ ೧೮೯೪ರಲ್ಲಿ ಕೆಲವರು ದಾದಿಯರು ಕಟ್ಟಿಕೊಂಡ ಅಂಗಮರ್ದನದ ಸಂಘದಿಂದ ಅಲ್ಲಿಯ ಭೌತಚಿಕಿತ್ಸೆಯ ಸಂಘಟಿತ ರೂಪ ಮೊದಲಾಯಿತು. ಔದ್ಯೋಗಿಕ ಚಿಕಿತ್ಸೆಯ ಮೊದಲ ಸಂಘವು ಅಮೆರಿಕದಲ್ಲಿ ೧೯೧೭ರಲ್ಲಿ ಸ್ಥಾಪನೆಯಾಯಿತು. ಪ್ರಥಮ ಮಹಾಯುದ್ಧದಲ್ಲಿ ಗಾಯಗೊಂಡ ಯೋಧರು, ಅನಂತರ ಪೋಲಿಯೋ ಪೀಡಿತರಾದ ಮಕ್ಕಳು, ಇವರ ಆರೈಕೆಯಲ್ಲಿ ಈ ವಿದ್ಯೆಗಳು ಪುಷ್ಟಿಗೊಂಡವು. ನಮ್ಮ ದೇಶದಲ್ಲಿ ಅಮೆರಿಕದಲ್ಲಿ ಜನಿಸಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು ೧೯೫೦ರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಔದ್ಯೋಗಿಕ ಚಿಕಿತ್ಸೆಯ ಶಾಲೆಯನ್ನು ತೆರೆದರು. ಭೌತಚಿಕಿತ್ಸೆಯ ಶಿಕ್ಷಣವೂ ಅದೇ ನಗರದಲ್ಲಿ ೧೯೫೩ರಲ್ಲಿ ಆರಂಭವಾಯಿತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯ ಭಾಗಗಳಾಗಿದ್ದವೆಂಬುದನ್ನು ನೆನೆದರೆ, ಈ ವಿದ್ಯೆಗಳು ನಮ್ಮದೇ ಪ್ರಾಂತ್ಯದ ರಾಜಧಾನಿಯಲ್ಲಿ ಹುಟ್ಟಿದವೆಂದು ಹೇಳಬಹುದು. ಹುಟ್ಟಿದ್ದು ಮಾತ್ರ ಆಸ್ಪತ್ರೆಯ ಗೋಡೆಯೊಳಗೆ.

ಇದು ಆ ಕಾಲಕ್ಕೆ ದೋಷವಾಗಿರಲಿಲ್ಲ. ಪೋಲಿಯೋದಿಂದ ಕಾಲು ಸೋತ ಮಗುವಿಗೆ ಶಸ್ತ್ರಕ್ರಿಯೆ ಮಾಡಿ, ಕ್ಯಾಲಿಪರ್ ತೊಡಿಸಿ, ಊರುಗೋಲಿನಿಂದ ನಡೆಯಲು ಕಲಿಸಿದರೆ, ಅದು ಉಳಿದ ಮಕ್ಕಳಂತೆಯೇ ಶಾಲೆಗೆ ಹೋಗಬಲ್ಲುದಾಗಿತ್ತು. ಅದರ ಬುದ್ಧಿಗೂ ಮಾತಿಗೂ ಕೈಗೂ ಬಹುಮಟ್ಟಿಗೆ ಧಕ್ಕೆಯಾಗಿರುತ್ತಿರಲಿಲ್ಲ. ಆದುದರಿಂದ ‘ಮೊದಲು ನಡಿಗೆ, ಆಮೇಲೆ ಶಾಲೆ’ ಎಂಬ ಕ್ರಮವು ಸಹಜವಾಗಿಯೇ ನೆಲೆಯೂರಿತು. ಚಿಕಿತ್ಸಕನ ಕೆಲಸ ಮುಗಿದ ಮೇಲೆ ಶಿಕ್ಷಕನ ಕೆಲಸ ತೊಡಗುವುದು ಎಂಬ ಗಡಿರೇಖೆಯೂ ಆಗಲೇ ಬಿದ್ದಿತು.

ಆ ಕಾಲ ಕಳೆಯಿತು. ಭಾರತದಲ್ಲಿ ಕಾಡುವೈರಾಣುವಿನ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು ೨೦೧೧ರ ಜನವರಿಯಲ್ಲಿ. ೨೦೧೪ರಲ್ಲಿ ದೇಶವು ಆ ರೋಗದಿಂದ ಮುಕ್ತವೆಂದು ಪ್ರಮಾಣಿತವಾಯಿತು. ಇಂದು ಚಿಕಿತ್ಸಕನ ಮುಂದೆ ಬರುವ ಮಕ್ಕಳಲ್ಲಿ ಮೆದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿ, ಉಳ್ಳವರು, ಸ್ನಾಯುಕ್ಷಯದವರು, ಬೆನ್ನುಹುರಿಯ ಜನ್ಮದೋಷದವರು, ಬುದ್ಧಿಯ ಬೆಳವಣಿಗೆ ನಿಧಾನವಾದವರು ಸೇರಿದ್ದಾರೆ. ಇವರಲ್ಲಿ ಹಲವರ ಸ್ಥಿತಿ ಜೀವನಪರ್ಯಂತ ಇರತಕ್ಕದ್ದು. ‘ಮೊದಲು ನಡಿಗೆ’ ಎಂದರೆ ಇವರಲ್ಲಿ ಕೆಲವರ ಪಾಲಿಗೆ ಶಾಲೆ ಎಂದಿಗೂ ಇಲ್ಲವೆಂದೇ ಅರ್ಥ. ರೋಗಿಗಳು ಬದಲಾದರು, ಕ್ರಮವು ಬದಲಾಗಲಿಲ್ಲ. ತರಬೇತಿಯ ವಿಮರ್ಶೆ ಇಲ್ಲಿಂದ ತೊಡಗಬೇಕು.

೩

ಕಾಯಿದೆಗಳ ಇತಿಹಾಸವನ್ನು ನೋಡಿದರೆ ಇದೇ ಗಡಿರೇಖೆ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಅಂಗವೈಕಲ್ಯವುಳ್ಳ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಕೇಂದ್ರ ಯೋಜನೆ ೧೯೭೪ರಲ್ಲಿ ಆರಂಭವಾಯಿತು. ೧೯೯೫ರ ಕಾಯಿದೆ ಹದಿನೆಂಟು ವರ್ಷದವರೆಗಿನ ಉಚಿತ ಶಿಕ್ಷಣವನ್ನು ಹೇಳಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಗೆ ೨೦೧೨ರಲ್ಲಿ ಆದ ತಿದ್ದುಪಡಿ ತೀವ್ರ ಹಾಗೂ ಬಹುವಿಧ ವೈಕಲ್ಯವುಳ್ಳ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಆಯ್ಕೆಯನ್ನಿತ್ತಿತು. ೨೦೧೬ರ ಕಾಯಿದೆ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿ, ಎಲ್ಲರೂ ಕೂಡಿ ಕಲಿಯುವ ಸಮನ್ವಯ ಶಿಕ್ಷಣವನ್ನು ಕರ್ತವ್ಯವಾಗಿ ವಿಧಿಸಿತು. ೨೦೧೮ರಿಂದ ಸಮಗ್ರ ಶಿಕ್ಷಣ ಯೋಜನೆಯಡಿ ಈ ಕಾರ್ಯ ನಡೆಯುತ್ತಿದೆ.

ಮಗುವಿನ ಹಕ್ಕು ಹೀಗೆ ವಿಸ್ತಾರವಾಗುತ್ತಿದ್ದಾಗ, ಅದಕ್ಕೆ ನೆರವಾಗುವವರ ಶಿಕ್ಷಣವು ಎರಡು ಬಾಗಿಲುಗಳಲ್ಲಿ ಹಂಚಿಹೋಯಿತು. ೧೯೯೨ರ ಕಾಯಿದೆಯಿಂದ ರೂಪುಗೊಂಡ ಭಾರತೀಯ ಪುನರ್ವಸತಿ ಪರಿಷತ್ತು ವಿಶೇಷ ಶಿಕ್ಷಕರನ್ನೂ ಶ್ರವಣತಜ್ಞರನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಭೌತಚಿಕಿತ್ಸಕರೂ ಔದ್ಯೋಗಿಕ ಚಿಕಿತ್ಸಕರೂ ಅದರ ಹೊರಗುಳಿದರು. ಇವರಿಗೆ ರಾಷ್ಟ್ರಮಟ್ಟದ ಶಾಸನಬದ್ಧ ಆಯೋಗವು ಗೊತ್ತಾದದ್ದು ೨೦೨೧ರ ಕಾಯಿದೆಯಿಂದ, ಅದೂ ಆರೋಗ್ಯ ಇಲಾಖೆಯ ನೆರಳಿನಲ್ಲಿ. ಫಲಿತಾಂಶವೇನೆಂದರೆ, ಒಂದೇ ಮಗುವಿನ ಸಲುವಾಗಿ ಒಂದೇ ತಾಲೂಕಿನಲ್ಲಿ ದುಡಿಯಬೇಕಾದ ವಿಶೇಷ ಶಿಕ್ಷಕನೂ ಚಿಕಿತ್ಸಕನೂ ಬೇರೆ ಬೇರೆ ಪಠ್ಯಕ್ರಮಗಳಲ್ಲಿ, ಬೇರೆ ಬೇರೆ ಪರಿಭಾಷೆಗಳಲ್ಲಿ ಬೆಳೆದುಬರುತ್ತಾರೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಅವರು ಸಂಧಿಸುವ ಮೊದಲು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿರುವುದು ಅಪರೂಪ.

ಅಮೆರಿಕದಲ್ಲಿ ೧೯೭೫ರಲ್ಲಿ ಬಂದ ಕಾಯಿದೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ಅದು ಈ ಚಿಕಿತ್ಸೆಗಳನ್ನು ಶಿಕ್ಷಣಕ್ಕೆ ‘ಸಂಬಂಧಿಸಿದ ಸೇವೆಗಳು’ ಎಂದು ಕರೆಯಿತು; ಮಗು ತನ್ನ ಶಿಕ್ಷಣದ ಪ್ರಯೋಜನ ಪಡೆಯಲು ಎಷ್ಟು ಬೇಕೋ ಅಷ್ಟು ಸೇವೆ ಎಂಬುದು ಅದರ ಅಳತೆ. ಅಲ್ಲಿಯೂ ಆಚರಣೆಯು ಆದರ್ಶವನ್ನು ಮುಟ್ಟಿದೆಯೆಂದು ಹೇಳಲಾಗದು. ಆದರೆ ಅಳತೆಗೋಲು ಯಾವುದೆಂಬುದು ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೧ರಲ್ಲಿ ಅಂಗೀಕರಿಸಿದ ವರ್ಗೀಕರಣವೂ ದೇಹದ ಊನತೆಯೊಂದನ್ನೇ ನೋಡದೆ, ವ್ಯಕ್ತಿಯು ಮಾಡಬಲ್ಲ ಕಾರ್ಯ, ಸಮಾಜದಲ್ಲಿ ಅವನ ಭಾಗವಹಿಸುವಿಕೆ, ಪರಿಸರದ ಅಡ್ಡಿ ಅಥವಾ ಅನುಕೂಲ ಇವನ್ನೂ ಲೆಕ್ಕಕ್ಕೆ ತಂದಿತು. ನಮ್ಮಲ್ಲಿ ಮಾತ್ರ ಪ್ರಮಾಣಪತ್ರದ ಶೇಕಡಾ ನಲವತ್ತು ಎಂಬ ಅಂಕೆಯೇ ಮುಂದೆ ನಿಲ್ಲುತ್ತದೆ. ಸವಲತ್ತಿಗೆ ಅದು ಬೇಕು, ನಿಜ. ಆದರೆ ಮಧ್ಯಂತರದ ಗಂಟೆ ಹೊಡೆದಾಗ ಈ ಮಗು ಶೌಚಾಲಯಕ್ಕೆ ಹೋಗಿ ಬರಬಲ್ಲುದೇ ಎಂಬ ಪ್ರಶ್ನೆಗೆ ಆ ಅಂಕೆಯಲ್ಲಿ ಉತ್ತರವಿಲ್ಲ.

೪

ಮಾತು ಅಮೂರ್ತವಾಗದಿರಲೆಂದು ಹುನಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಎರಡನೆಯ ಇಯತ್ತೆಯಲ್ಲಿ ಸೆರೆಬ್ರಲ್ ಪಾಲ್ಸಿಯುಳ್ಳ ಬಾಲಕನೊಬ್ಬನಿದ್ದಾನೆ. ಹೊಸ ಭೌತಚಿಕಿತ್ಸಕನು ಅವನನ್ನು ಪರೀಕ್ಷಿಸಿ, ತೊಡೆಯ ಹಿಂಬದಿಯ ಸ್ನಾಯುಗಳು ಬಿಗಿದಿವೆ, ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ ಎಂದು ಬರೆದುಕೊಳ್ಳುತ್ತಾನೆ. ಎಳೆತದ ವ್ಯಾಯಾಮಗಳನ್ನು ಹೇಳಿಕೊಡುತ್ತಾನೆ. ಇದರಲ್ಲಿ ತಪ್ಪಿಲ್ಲ. ಆದರೆ ಇಷ್ಟಕ್ಕೇ ನಿಂತರೆ ಅವನು ಶಾಲೆಗೆ ಬಂದಂತಾಗಲಿಲ್ಲ, ಆಸ್ಪತ್ರೆಯ ಕೋಣೆಯೊಂದನ್ನು ಶಾಲೆಯ ಅಂಗಳಕ್ಕೆ ಹೊತ್ತು ತಂದಂತಾಯಿತು.

ಶಾಲೆಯು ಕೇಳುವ ಪ್ರಶ್ನೆಗಳು ಬೇರೆ. ನಲಿಕಲಿಯ ತರಗತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ಕೂಡುತ್ತಾರೆ, ಬಹಳಷ್ಟು ಕಡೆ ನೆಲದ ಮೇಲೆಯೇ. ತೊಡೆಯ ಹಿಂಬದಿ ಬಿಗಿದ ಮಗುವಿಗೆ ಚಕ್ಕಳಮಕ್ಕಳ ಹಾಕಿ ಕೂಡುವುದೇ ಒಂದು ಶ್ರಮ. ಬೆನ್ನು ಬಾಗುತ್ತದೆ, ಬೀಳದಂತೆ ಒಂದು ಕೈಯನ್ನು ನೆಲಕ್ಕೂರಬೇಕಾಗುತ್ತದೆ, ಬರೆಯುವ ಕೈಗೆ ಪಾಟಿಯನ್ನು ಹಿಡಿದುಕೊಡುವವರಿಲ್ಲ. ಶಿಕ್ಷಕನು ಇದನ್ನು ಬರವಣಿಗೆಯ ದೋಷವೆಂದು ತಿಳಿಯುತ್ತಾನೆ. ಮೂಲತಃ ಅದು ಕುಳಿತುಕೊಳ್ಳುವ ದೋಷ. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಬೆನ್ನಿಗೆ ಆಸರೆ ಕೊಟ್ಟರೆ, ಅಥವಾ ಪಾದಗಳು ನೆಲಕ್ಕೆ ಪೂರ್ಣ ಊರುವಂತಹ ಗಿಡ್ಡ ಮಣೆಯನ್ನೂ ಅದಕ್ಕೆ ತಕ್ಕ ಎತ್ತರದ ಮೇಜನ್ನೂ ಒದಗಿಸಿದರೆ, ಅದೇ ದಿನ ಅವನ ಎರಡೂ ಕೈಗಳು ಬಿಡುವಾಗಬಹುದು. ಆದರೆ ಅವನೊಬ್ಬನೇ ಮಣೆಯ ಮೇಲೆ ಕುಳಿತು ಗುಂಪಿನಿಂದ ದೂರವಾದರೆ ಅದು ಇನ್ನೊಂದು ನಷ್ಟ. ಗುಂಪನ್ನೇ ಆ ಮೂಲೆಗೆ ತರುವುದು ಶಿಕ್ಷಕನಿಂದ ಮಾತ್ರ ಸಾಧ್ಯ. ಬಿಸಿಯೂಟದ ತಟ್ಟೆಯನ್ನು ಅವನು ಎಲ್ಲಿ ಇಟ್ಟುಕೊಳ್ಳುತ್ತಾನೆ, ನಳದವರೆಗೆ ಹೇಗೆ ಹೋಗುತ್ತಾನೆ, ಹೊಸ್ತಿಲನ್ನು ಯಾರ ಭುಜ ಹಿಡಿದು ದಾಟುತ್ತಾನೆ ಎಂಬುವೂ ಚಿಕಿತ್ಸಕನು ಕಾಣಬೇಕಾದ ಸಂಗತಿಗಳೇ.

ಇಳಿಜಾರಿನ ವಿಷಯವೂ ಹೀಗೆಯೇ. ಶಾಲೆಯ ಅಂಕಿಅಂಶಗಳ ನಮೂನೆಯಲ್ಲಿ ‘ರ‍್ಯಾಂಪ್ ಇದೆ’ ಎಂದು ಗುರುತು ಬೀಳುತ್ತದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಅಂಗೀಕೃತ ನಿಯಮ. ಅದಕ್ಕಿಂತ ಕಡಿದಾದ ರ‍್ಯಾಂಪು ಗಾಲಿಕುರ್ಚಿಯ ಮಗುವಿಗೆ ಮೆಟ್ಟಲಿಗಿಂತ ಅಪಾಯಕರ. ಅದು ಸರಿಯಾಗಿದ್ದರೂ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ನಿಂತರೆ, ಶೌಚಾಲಯದ ಮುಂದಿನ ಮೆಟ್ಟಲುಗಳು ಹಾಗೆಯೇ ಉಳಿದಿರುತ್ತವೆ. ದಾಖಲೆಯು ಇಳಿಜಾರನ್ನು ಎಣಿಸುತ್ತದೆ, ದಾರಿಯನ್ನು ಎಣಿಸುವುದಿಲ್ಲ.

೫

ಔದ್ಯೋಗಿಕ ಚಿಕಿತ್ಸೆಯ ವಿಷಯದಲ್ಲಿ ಶಬ್ದದಿಂದಲೇ ಒಂದು ಭ್ರಮೆ ಹುಟ್ಟುತ್ತದೆ. ‘ಉದ್ಯೋಗ’ವೆಂದೊಡನೆ ನಮಗೆ ಹೊಟ್ಟೆಪಾಡಿನ ಕಸುಬು ನೆನಪಾಗುತ್ತದೆ. ಇಳಕಲ್ಲಿನಂತಹ ನೇಕಾರರ ಊರಿನಲ್ಲಿ ಈ ಭ್ರಮೆ ಇನ್ನೂ ಅಪಾಯಕಾರಿ. ಓದಿನಲ್ಲಿ ಹಿಂದುಳಿದ ಮಗುವನ್ನು ಕಂಡಿಕೆ ಸುತ್ತಲು ಕೂಡಿಸುವುದೇ ಔದ್ಯೋಗಿಕ ಚಿಕಿತ್ಸೆಯೆಂದು ಯಾರಾದರೂ ತಿಳಿದರೆ ಆಶ್ಚರ್ಯವಿಲ್ಲ. ಅಂಗವೈಕಲ್ಯವುಳ್ಳವರಿಗೆ ಕೈಕಸುಬೇ ಸಾಕು, ಓದು ಬೇಡವೆಂಬ ಹಳೆಯ ಧೋರಣೆಗೆ ಹೊಸ ಹೆಸರು ದೊರೆತಂತಾಗುವುದಷ್ಟೆ. ಈ ವಿದ್ಯೆಯ ಪ್ರಕಾರ ಮಗುವಿನ ಉದ್ಯೋಗವೆಂದರೆ ಆಟ, ಓದು, ಊಟ, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಗೆಳೆಯರೊಡನೆ ಕೂಡಿ ನಡೆಯುವುದು.

ಆದರೆ ಅದೇ ಇಳಕಲ್ಲು ಹೊಸ ಚಿಕಿತ್ಸಕನಿಗೆ ಒಂದು ನಿಜವಾದ ಪಾಠವನ್ನೂ ಕಲಿಸಬಲ್ಲುದು. ಅಲ್ಲಿಯ ಕುಣಿಮಗ್ಗವನ್ನು ನೋಡಬೇಕು. ನೇಕಾರನು ನೆಲದ ಮಟ್ಟದಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಗೆಗಳನ್ನು ತುಳಿಯುತ್ತಾನೆ. ಕೈಗಳು ಲಾಳಿಗೆ ಬಿಡುವಾಗಿರುತ್ತವೆ. ನೇಕಾರನ ಕಾಲನ್ನು ತಿದ್ದಿ ಮಗ್ಗಕ್ಕೆ ಹೊಂದಿಸಲಿಲ್ಲ, ನೆಲವನ್ನು ಅಗೆದು ಕಾಲಿಗೆ ಹೊಂದಿಸಿದರು. ಪರಿಸರವನ್ನು ದೇಹಕ್ಕೆ ಅಳವಡಿಸುವುದು ಎಂದು ಪಠ್ಯಪುಸ್ತಕಗಳು ಹೇಳುವ ತತ್ತ್ವ ಇದೇ. ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ತಟ್ಟೆಯ ಕೆಳಗೆ ಒದ್ದೆ ಅರಿವೆ ಹಾಸಿ ಜಾರದಂತೆ ಮಾಡುವುದು, ಚಮಚದ ಹಿಡಿಯನ್ನು ಬಗ್ಗಿಸುವುದು, ಇವೆಲ್ಲ ಅದರ ಸಣ್ಣ ರೂಪಗಳು. ಇವುಗಳಿಗೆ ಹಣ ಹೆಚ್ಚು ಬೇಕಿಲ್ಲ, ನೋಡುವ ಕಣ್ಣು ಬೇಕು. ಆ ಕಣ್ಣನ್ನು ಕೊಡುವುದೇ ತರಬೇತಿಯ ಉದ್ದೇಶವಾಗಬೇಕು.

೬

ಈಗ ತರಬೇತಿಯ ಮಾತಿಗೆ ಬರೋಣ. ಚಿಕಿತ್ಸಕನ ಪದವಿಯಲ್ಲಿ ನಾಲ್ಕು ವರ್ಷಗಳ ಪಾಠವೂ ಅನಂತರ ಆಂತರಿಕ ತರಬೇತಿಯೂ ಇವೆ. ಅದರ ಬಹುಭಾಗ ಕಳೆಯುವುದು ಆಸ್ಪತ್ರೆಯಲ್ಲಿ. ಶಾಲೆಯ ಕೆಲಸಕ್ಕೆ ಬಂದ ಮೇಲೆ ದೊರೆಯುವ ತಿಳಿವಳಿಕೆಯೂ ಸಾಮಾನ್ಯವಾಗಿ ವೈಕಲ್ಯಗಳ ಪಟ್ಟಿ, ನಮೂನೆಗಳ ಭರ್ತಿ, ಸಾಧನಗಳ ಅಳತೆ ಇವುಗಳ ಸುತ್ತಲೇ ಇರುತ್ತದೆ. ಅನೇಕ ಕಡೆ ಮಕ್ಕಳನ್ನು ವಾರದ ಒಂದು ದಿನ ಕೇಂದ್ರಕ್ಕೆ ಕರೆತಂದು ಚಿಕಿತ್ಸೆ ಕೊಡುವುದೇ ರೂಢಿಯಾಗಿದೆ. ತರಗತಿ ಅವನಿಗೆ ಕಾಣುವುದೇ ಇಲ್ಲ. ತಿಂಗಳ ವರದಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಸಲ ಚಿಕಿತ್ಸೆ ಎಂಬ ಲೆಕ್ಕ ಹೋಗುತ್ತದೆ. ಯಾವ ಮಗು ಶಾಲೆಯಲ್ಲಿ ಹೊಸದಾಗಿ ಏನು ಮಾಡಲಾರಂಭಿಸಿತು ಎಂಬುದಕ್ಕೆ ಅಂಕಣವಿಲ್ಲ.

ಇದಕ್ಕೆ ಬರತಕ್ಕ ಆಕ್ಷೇಪವು ಬಲವಾದದ್ದೇ. ತಾಲೂಕಿಗೆ ಒಬ್ಬ ಚಿಕಿತ್ಸಕ ದೊರೆಯುವುದೇ ಕಷ್ಟ, ಶಾಲೆಗಳು ನೂರಾರು, ಅವನ ನೇಮಕವೂ ಬಹುಧಾ ಗುತ್ತಿಗೆಯದು. ಅವನು ಪ್ರತಿ ಶಾಲೆಯಲ್ಲಿ ದಿನವಿಡೀ ಕುಳಿತು ನೋಡುವುದೆಂತು? ಒಂದೆಡೆ ಮಕ್ಕಳನ್ನು ಕೂಡಿಸುವುದೇ ಮಿತವ್ಯಯವಲ್ಲವೇ? ಆದರೆ ಕೊರತೆಯಿದೆ ಎಂಬುದೇ ಅವನು ತನ್ನ ವಿದ್ಯೆಯನ್ನು ಹಂಚಬೇಕೆಂಬುದಕ್ಕೆ ಕಾರಣ. ವಾರಕ್ಕೊಮ್ಮೆಯ ಅರ್ಧ ತಾಸಿನ ಎಳೆತದಿಂದ ಬಿಗಿದ ಸ್ನಾಯು ಸಡಿಲವಾಗಿ ಉಳಿಯುವುದಿಲ್ಲ. ಉಳಿದ ದಿನಗಳಲ್ಲಿ ಮಗು ಹೇಗೆ ಕೂಡುತ್ತದೆ, ಹೇಗೆ ನಿಲ್ಲುತ್ತದೆ ಎಂಬುದೇ ನಿರ್ಣಾಯಕ. ಆ ದಿನಗಳು ಶಿಕ್ಷಕನ ಮತ್ತು ತಾಯಿಯ ಕೈಯಲ್ಲಿವೆ.

ಎದುರು ದಿಕ್ಕಿನ ತಪ್ಪೂ ಒಂದುಂಟು. ಎಲ್ಲವನ್ನೂ ಶಿಕ್ಷಕನ ಹೆಗಲಿಗೆ ಹೊರಿಸಿ ಚಿಕಿತ್ಸಕನು ಸಲಹೆಗಾರನಾಗಿ ಮಾತ್ರ ಉಳಿಯುವುದು ಅನ್ಯಾಯ. ಕೆಲವೆಡೆ ಅಪಾಯವೂ ಹೌದು. ಕೂಡಿಸುವ ಭಂಗಿ, ಎತ್ತಿ ಇಳಿಸುವ ಸುರಕ್ಷಿತ ಕ್ರಮ, ಬರೆಯುವ ಸಾಧನ ಇವನ್ನು ಶಿಕ್ಷಕನಿಗೂ ತಾಯಿಗೂ ಕಲಿಸಬಹುದು. ಉಣ್ಣುವಾಗ ಪದೇ ಪದೇ ಕೆಮ್ಮುವ ಮಗುವಿಗೆ ಉಣಿಸುವ ಕ್ರಮ, ಶಸ್ತ್ರಕ್ರಿಯೆಯಾದ ಕಾಲಿನ ವ್ಯಾಯಾಮ ಇವನ್ನು ತಜ್ಞನ ಪರೀಕ್ಷೆಯಿಲ್ಲದೆ ಬೇರೆಯವರಿಗೆ ಒಪ್ಪಿಸಲಾಗದು. ಸ್ನಾಯುಕ್ಷಯದ ಮಗುವಿಗೆ ಬಲ ಬರಲೆಂದು ದಣಿಯುವಷ್ಟು ವ್ಯಾಯಾಮ ಮಾಡಿಸಿದರೆ ಕೇಡೇ ಆದೀತು. ಹಾಗೆ ಮಾಡಬಾರದೆಂಬುದನ್ನು ಆಟದ ಮಾಸ್ತರರಿಗೆ ತಿಳಿಸಿ ಹೇಳುವುದೂ ಚಿಕಿತ್ಸಕನ ಕರ್ತವ್ಯ. ಯಾವುದನ್ನು ಹಂಚಬಹುದು, ಯಾವುದನ್ನು ಹಂಚಬಾರದು ಎಂಬ ಈ ವಿವೇಕವು ಅವನಿಗೆ ಕಲಿಸಬೇಕಾದ ವಿಷಯಗಳಲ್ಲಿ ಮುಖ್ಯವಾದುದು.

ಆದುದರಿಂದ ನನ್ನ ಸೂಚನೆಗಳು ಇಷ್ಟೇ. ಹೊಸಬನ ಮೊದಲ ದಿನಗಳು ತರಗತಿಯಲ್ಲಿ ಕಳೆಯಲಿ. ಪ್ರಾರ್ಥನೆಯಿಂದ ಕೊನೆಯ ಗಂಟೆಯವರೆಗೆ ಒಂದು ಮಗುವಿನ ದಿನವನ್ನು ಅವನು ಚಿಕಿತ್ಸೆ ಮಾಡದೆ, ಸುಮ್ಮನೆ ನೋಡಲಿ. ಅನಂತರ ಶಿಕ್ಷಕ, ವಿಶೇಷ ಸಂಪನ್ಮೂಲ ಶಿಕ್ಷಕ, ತಾಯಿ ಇವರೊಡನೆ ಕುಳಿತು ಗುರಿಯನ್ನು ಬರೆಯಲಿ. ಆ ಗುರಿಯು ‘ಮೊಣಕಾಲು ಇಂತಿಷ್ಟು ಚಾಚಬೇಕು’ ಎಂದಿರದೆ ‘ದಸರೆಯ ರಜೆಯೊಳಗೆ ತಾನೇ ನಳದವರೆಗೆ ಹೋಗಿ ಬರಬೇಕು’ ಎಂದಿರಲಿ. ಅದನ್ನು ತಾಯಿಗೆ ತಿಳಿಯುವ ಕನ್ನಡದಲ್ಲಿ ಬರೆಯಲಿ. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ತಾಯಿಗೆ ದಿನಕ್ಕೆ ಮೂರು ಹೊತ್ತಿನ ವ್ಯಾಯಾಮವನ್ನು ವಿಧಿಸಿ, ಮಾಡಲಿಲ್ಲವೆಂದು ಅವಳನ್ನೇ ಆಕ್ಷೇಪಿಸುವುದು ತರವಲ್ಲ. ಕೊನೆಯದಾಗಿ, ಅನುಭವಿ ಚಿಕಿತ್ಸಕರೊಬ್ಬರ ಮಾರ್ಗದರ್ಶನವು ಒಂದು ಪೂರ್ಣ ಶೈಕ್ಷಣಿಕ ವರ್ಷ ಅವನಿಗಿರಲಿ. ಎರಡು ದಿನಗಳ ಉಪನ್ಯಾಸದಿಂದ ವೃತ್ತಿಯ ದೃಷ್ಟಿ ಬದಲಾಗದು.

೭

ಪರರ ವಿದ್ಯೆಯನ್ನು ವಿಮರ್ಶಿಸುವವನು ತನ್ನದನ್ನೂ ಒರೆಗೆ ಹಚ್ಚಬೇಕು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಬಾದಾಮಿಗೆ ಪ್ರವಾಸ ಹೋಗಿದ್ದೆ. ಊರುಗೋಲು ಹಿಡಿದು ನಡೆಯುವ ಒಬ್ಬ ವಿದ್ಯಾರ್ಥಿಯಿದ್ದ. ಮೆಟ್ಟಲು ಬಹಳ, ನೀನು ಕೆಳಗೇ ಕುಳಿತುಕೋ ಎಂದು, ಕರುಣೆಯಿಂದಲೇ, ಅವನಿಗೆ ಹೇಳಿದೆ. ನಾವು ಮೇಲೆ ಹೋಗಿ ಮೂರನೆಯ ಗುಹೆಯಲ್ಲಿ ಮಂಗಲೇಶನ ಕ್ರಿ. ಶ. ೫೭೮ರ ಶಾಸನವನ್ನು ನೋಡಿ ಇಳಿದು ಬಂದಾಗ ಅವನು ಕೇಳಿದ್ದು ಒಂದೇ ಮಾತು: “ಸರ್, ಮೂರನೇ ಗವಿ ಮ್ಯಾಲ ಪ್ರಶ್ನೆ ಬಂದ್ರ ನಾ ಏನ್ ಬರೀಬೇಕ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಗುಹೆಗಳನ್ನು ಕೆಳಗೆ ತರುವುದು ಯಾರಿಂದಲೂ ಆಗದು. ಆದರೆ ಆ ದಿನದ ಪಾಠವನ್ನು ಸಮನೆಲದ ಮೇಲಿರುವ ಪಟ್ಟದಕಲ್ಲಿನಲ್ಲಿ ತೊಡಗಿಸಬಹುದಾಗಿತ್ತು. ಶಾಸನದ ಛಾಯಾಪ್ರತಿಯನ್ನು ಎಲ್ಲರೂ ಕೂಡಿ ಕೆಳಗೇ ಓದಬಹುದಾಗಿತ್ತು. ಎಷ್ಟು ಮೆಟ್ಟಲು ಏರಬಲ್ಲೆ, ಎಲ್ಲಿ ದಣಿವಾರಿಸಿಕೊಳ್ಳುತ್ತೀ ಎಂದು ಮೊದಲು ಅವನನ್ನೇ ಕೇಳಬಹುದಾಗಿತ್ತು. ಹೀಗೆ ಕೇಳಬೇಕೆಂದು ನನಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಅವನ ಕಾಲನ್ನು ಬಾಲ್ಯದಿಂದ ನೋಡಿಕೊಂಡ ಚಿಕಿತ್ಸಕರಿಗೆ ಈ ಪ್ರವಾಸದ ಸುದ್ದಿಯೇ ಗೊತ್ತಿರಲಿಕ್ಕಿಲ್ಲ. ಅವನಿಗೆ ಇತಿಹಾಸ ಕಲಿಸಿದ ನನಗೆ ಅವನ ಕಾಲಿನ ವಿಷಯ ಗೊತ್ತಿರಲಿಲ್ಲ. ಇಬ್ಬರೂ ನಮ್ಮ ನಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದೆವು, ವಿದ್ಯಾರ್ಥಿ ಮಾತ್ರ ಕೆಳಗೆ ಉಳಿದ.

ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಎರಡು ಬೇರೆ ನೂಲುಗಳು ಒಂದೇ ಬಟ್ಟೆಯಾಗುವುದು ಆ ಕೊಂಡಿಯಿಂದ. ಚಿಕಿತ್ಸಕನ ವಿದ್ಯೆಗೂ ಶಿಕ್ಷಕನ ವಿದ್ಯೆಗೂ ನಡುವೆ ಅಂತಹ ಕೊಂಡಿ ಬೀಳಬೇಕಾದ ಸ್ಥಳ ತರಗತಿಯೇ ಹೊರತು ಕೇಂದ್ರದ ಸಭಾಗೃಹವಲ್ಲ. ಮುಂದೆ ಶಿಕ್ಷಕರಾಗಲಿರುವ ನಮ್ಮ ವಿದ್ಯಾರ್ಥಿಗಳೂ ಈ ಮಾತನ್ನು ನೆನಪಿನಲ್ಲಿಡಬೇಕು. ಚಿಕಿತ್ಸಕನು ಶಾಲೆಗೆ ಬಂದ ದಿನ ಅವನಿಗೆ ಮೂಲೆಯ ಕೋಣೆಯೊಂದನ್ನು ತೋರಿಸಿ ಕಳುಹಿಸದೆ, ತಮ್ಮ ತರಗತಿಯೊಳಗೆ ಬಂದು ಕೂಡಲು ಅವರು ಅವನನ್ನು ಕರೆಯಲಿ.